ಕಾಲೇಜಿಂದ ಫೋನ್ ಬಂತು ಅಂದ್ರೆ

"ಡಿಯರ್ ಪೇರೆಂಟ್, ಯುವರ್ ವಾರ್ಡ್ ಹ್ಯಾಸ್ ಶಾರ್ಟೇಜ್ ಆಫ್ ಅಟೆಂಡೆನ್ಸ್. ಕೈಂಡ್ಲಿ ಮೀಟ್ ದಿ ಪ್ರಾಕ್ಟರ್." ಕಾಲೇಜಿನ ಸಾಫ್ಟ್‌ವೇರಿನಿಂದ ನಮ್ಮ ಮನೆಗಳಿಗೆ ಹೋಗುವ ಮೆಸೇಜು ಹೆಚ್ಚು ಕಮ್ಮಿ ಇಷ್ಟೇ. ಬೇರೆಲ್ಲ ಬಿಡಿ, ಆ 'ವಾರ್ಡ್' ಅನ್ನೋ ಪದ ನೋಡಿ. ನಮ್ಮ ಊರುಗಳಲ್ಲಿ ವಾರ್ಡ್ ಅಂದ್ರೆ ಒಂದೋ ಪಂಚಾಯಿತಿ ವಾರ್ಡು, ಇಲ್ಲಾ ಆಸ್ಪತ್ರೆ ವಾರ್ಡು. ಮಗ ಓದೋಕೆ ಹೋದ ಊರಿಂದ 'ವಾರ್ಡ್' ಅಂತ ಮೆಸೇಜ್ ಬಂದ್ರೆ ಹೆತ್ತವರ ಮನಸ್ಸು ಮೊದಲು ಎಲ್ಲಿಗೆ ಓಡುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೇಷ್ಟ್ರುಗಳು ನಮ್ಮ ಮನೆಯವರ ಜೊತೆ ಹೇಗೆ ಮಾತಾಡಬೇಕು, ಯಾವಾಗ ಮಾತಾಡಬೇಕು, ಯಾವ ಭಾಷೆಯಲ್ಲಿ ಮಾತಾಡಬೇಕು ಅನ್ನೋದರ ಬಗ್ಗೆ ಬರೀಬೇಕು ಅಂತ ನಮ್ಮ ಸಂಘದಲ್ಲಿ ಮಾತು ಬಂದಾಗ ಅರ್ಧ ಜನ ನಕ್ಕರು. "ನಾವೇನು ಯುಕೆಜಿ ಮಕ್ಕಳಾ? ಪಿಯುಸಿ ಮುಗಿದ ಮೇಲೂ ಪೇರೆಂಟ್ಸ್ ಮೀಟಿಂಗಾ? ಮನೆಗೆ ಸುದ್ದಿ ಹೋಗದಿದ್ರೆ ಅದೇ ದೊಡ್ಡ ಉಪಕಾರ" ಅನ್ನೋದು ಅವರ ವಾದ. ಇದನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ, ಮುಂದೆ ಆ ಮಾತಿಗೂ ಬರುತ್ತೇವೆ. ಆದರೆ ವಾಸ್ತವ ಏನಪ್ಪಾ ಅಂದ್ರೆ, ಸುದ್ದಿ ಈಗಲೂ ಮನೆಗೆ ಹೋಗುತ್ತಿದೆ. ತಡವಾಗಿ ಹೋಗುತ್ತಿದೆ, ತಪ್ಪು ಭಾಷೆಯಲ್ಲಿ ಹೋಗುತ್ತಿದೆ, ಕೆಟ್ಟ ಸುದ್ದಿ ಮಾತ್ರ ಹೋಗುತ್ತಿದೆ. ನಮ್ಮ ತಕರಾರು ಇರೋದು ಇದಕ್ಕೆ.

ಪ್ರೈಮರಿ ಶಾಲೆಯಲ್ಲಿ ಹೀಗಿರಲಿಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಗೊತ್ತು. ಮೇಷ್ಟ್ರು ಸಂತೆಯಲ್ಲಿ ಸಿಗುತ್ತಿದ್ದರು, ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದರು, ಗಣತಿ ಕೆಲಸ ಬಿದ್ದಾಗ ಮನೆ ಬಾಗಿಲಿಗೇ ಬರುತ್ತಿದ್ದರು. ಜಗಲಿ ಮೇಲೆ ಕೂತು ಟೀ ಕುಡೀತಾ "ಹುಡುಗಿ ಲೆಕ್ಕದಲ್ಲಿ ಚುರುಕಿದಾಳೆ, ಶಾಲೆ ಬಿಡಿಸಬೇಡಿ" ಅಂತ ಒಂದು ಮಾತು ಹೇಳಿ ಹೋಗುತ್ತಿದ್ದರು. ಆ ಒಂದು ಮಾತಿನಿಂದ ಹೈಸ್ಕೂಲು ಕಂಡವರು ನಮ್ಮ ಕ್ಲಾಸುಗಳಲ್ಲೇ ಇದ್ದಾರೆ. ಶಾಲೆಯ ಮಟ್ಟಿಗೆ ಇದು ಬರೀ ಒಳ್ಳೇತನ ಅಲ್ಲ, ಕಾನೂನು ಕೂಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪೋಷಕರ ಜೊತೆ ನಿಯಮಿತವಾಗಿ ಸಭೆ ಮಾಡಿ ಮಗುವಿನ ಹಾಜರಿ, ಕಲಿಕೆ, ಪ್ರಗತಿ ತಿಳಿಸಬೇಕು ಅಂತ ಬಿಡಿಸಿಯೇ ಬರೆದಿದೆ. 21ನೇ ಸೆಕ್ಷನ್ನಿನ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನಮ್ಮ ಕಡೆ ಎಸ್‌ಡಿಎಂಸಿ ಅಂತ ಕರೆಯೋದು ಇಂಥ ಸಮಿತಿಯನ್ನೇ.

ಎಂಜಿನಿಯರಿಂಗ್ ಕಾಲೇಜಿಗೆ ಬಂದ ಮೇಲೆ ಇದೆಲ್ಲ ಫೈಲಿಗೆ ಸೇರಿಕೊಳ್ಳುತ್ತದೆ. ನ್ಯಾಕ್ ತಂಡ ಬಂದರೆ ಮೆಂಟರ್ ಒಬ್ಬರಿಗೆ ವಿದ್ಯಾರ್ಥಿಗಳು ಎಷ್ಟು ಅಂತ ಅನುಪಾತ ಕೇಳುತ್ತದೆ. ಎನ್‌ಬಿಎ ಕೂಡ ಮೆಂಟರಿಂಗ್ ವ್ಯವಸ್ಥೆ ಇದೆಯಾ, ಹೇಗೆ ನಡೀತಿದೆ ಅಂತ ಕೇಳುತ್ತದೆ. ಹಾಗಾಗಿ ಪ್ರತಿ ಡಿಪಾರ್ಟ್‌ಮೆಂಟಿನಲ್ಲೂ ಪ್ರಾಕ್ಟರ್ ಬುಕ್ ಇದೆ, ಅದರಲ್ಲಿ ಪೋಷಕರ ಸಹಿಗೆ ಒಂದು ಕಾಲಂ ಇದೆ. ಆ ಕಾಲಮ್ಮುಗಳು ಹೇಗೆ ತುಂಬುತ್ತವೆ ಅನ್ನೋದು ಓದುಗರಿಗೆ ಗೊತ್ತಿರೋ ವಿಷಯವೇ, ಬರೆದು ಯಾರನ್ನೂ ಸಿಕ್ಕಿಸೋಕೆ ನಮಗೆ ಇಷ್ಟವಿಲ್ಲ.

ಇನ್ನು ತಡದ ವಿಚಾರ. ಇದನ್ನ ನಾವು ಎಂಜಿನಿಯರುಗಳ ಹಾಗೆ ಲೆಕ್ಕ ಹಾಕಿಯೇ ನೋಡೋಣ. ವಿಟಿಯು ನಿಯಮದಂತೆ ಪ್ರತಿ ವಿಷಯದಲ್ಲೂ 85% ಹಾಜರಿ ಬೇಕು. ಕಾಯಿಲೆಯಂಥ ತಕ್ಕ ಕಾರಣ ಇದ್ದು, ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ 10% ತನಕ ರಿಯಾಯಿತಿ ಸಿಗಬಹುದು. ಅಂದ್ರೆ 75% ಕಟ್ಟಕಡೆಯ ಗೆರೆ. ಒಂದು ವಿಷಯಕ್ಕೆ 40 ಕ್ಲಾಸು ಅಂತ ಇಟ್ಟುಕೊಳ್ಳಿ. 20 ಕ್ಲಾಸು ಮುಗಿದಾಗ ಒಬ್ಬ 6 ಕ್ಲಾಸು ತಪ್ಪಿಸಿದ್ದಾನೆ, ಅವನ ಹಾಜರಿ 70%. ಆವತ್ತೇ ಮನೆಗೆ ಗೊತ್ತಾಗಿ, ಉಳಿದ 20ಕ್ಕೂ ಕೂತರೆ 40ಕ್ಕೆ 34, ಸರಿಯಾಗಿ 85%. ಬಚಾವ್! ಇನ್ನೊಬ್ಬನದು 36 ಕ್ಲಾಸು ಮುಗಿದಾಗ 10 ತಪ್ಪಿವೆ, ಹಾಜರಿ 72%. ನೋಡೋಕೆ ಮೊದಲಿನವನಿಗಿಂತ ಎರಡು ಪರ್ಸೆಂಟ್ ಜಾಸ್ತಿಯೇ. ಆದರೆ ಉಳಿದ ನಾಲ್ಕಕ್ಕೂ ಕೂತರೂ 40ಕ್ಕೆ 30, ಅಂದ್ರೆ 75%. ಇನ್ನೊಂದೇ ಒಂದು ಕ್ಲಾಸ್ ತಪ್ಪಿದರೂ ಮುಗೀತು. ಮೆಸೇಜಿನಲ್ಲಿ ಇಬ್ಬರ ಮನೆಗೂ ಹೋಗೋದು ಎಪ್ಪತ್ತರ ಆಸುಪಾಸಿನ ಒಂದು ನಂಬರ್. ಆ ನಂಬರಿನಿಂದ ಯಾವ ಅಪ್ಪನಿಗೆ ಏನು ಅರ್ಥವಾಗಬೇಕು? "ನಿಮ್ಮ ಮಗ ಇನ್ಮುಂದೆ ಒಂದೂ ಕ್ಲಾಸ್ ತಪ್ಪಿಸದಿದ್ರೆ ಪಾರಾಗ್ತಾನೆ" ಅಂತ ಎಂಟನೇ ವಾರದಲ್ಲಿ ಹೇಳಿದರೆ ಅದು ಸಹಾಯ. ಹದಿನಾಲ್ಕನೇ ವಾರದಲ್ಲಿ ಪರ್ಸೆಂಟೇಜ್ ಕಳಿಸಿದರೆ ಅದು ನಾಳೆ ಯಾರೂ ಕಾಲೇಜನ್ನ ಕೇಳಬಾರದು ಅಂತ ಇಟ್ಟುಕೊಂಡ ದಾಖಲೆ, ಅಷ್ಟೇ.

ಇಂಟರ್ನಲ್ಸ್ ಕಥೆಯೂ ಇದೇ. 2022ರ ಸ್ಕೀಮಿನಲ್ಲಿ ಸಿಐಇಗೆ 50 ಮಾರ್ಕ್ಸು, ಅದರಲ್ಲಿ 20 ಬರಲೇಬೇಕು. ಬರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೇ ಕೂರುವಂತಿಲ್ಲ. ಈ ಒಂದು ಸಂಗತಿ ಎಷ್ಟು ಮನೆಗಳಿಗೆ ಗೊತ್ತಿದೆ? ಮನೆಯವರಿಗೆ ಗೊತ್ತಿರೋದು ಎಸ್ಸೆಸ್ಸೆಲ್ಸಿ, ಪಿಯುಸಿ ಲೆಕ್ಕ: ಕೊನೇ ಪರೀಕ್ಷೆಯಲ್ಲಿ ಚೆನ್ನಾಗಿ ಬರೆದರೆ ಆಯ್ತು. ಮಗ ಪರೀಕ್ಷೆಗೇ ಕೂತಿಲ್ಲ ಅನ್ನೋದು ರಿಸಲ್ಟ್ ಬಂದ ಮೇಲೆ ಗೊತ್ತಾದರೆ ಅವರಿಗೆ ಮೋಸ ಹೋದ ಹಾಗೆ ಅನ್ನಿಸುತ್ತದೆ. ಯಾರಿಂದ ಮೋಸ ಅನ್ನೋದು ಗೊತ್ತಾಗದೆ ಸಿಟ್ಟು ಮಗನ ಮೇಲೂ ಬರುತ್ತದೆ, ಕಾಲೇಜಿನ ಮೇಲೂ ಬರುತ್ತದೆ.

ಭಾಷೆಯ ವಿಷಯಕ್ಕೆ ಬಂದರೆ ಕನ್ನಡ ಸಂಘದವರು ಇದನ್ನೇ ಹೇಳ್ತಾರೆ ಬಿಡಿ ಅಂತ ನೀವಂದುಕೊಂಡಿರುತ್ತೀರಿ. ಹೌದು, ಹೇಳ್ತೀವಿ. ವಿಟಿಯು ಮೊದಲ ವರ್ಷದಲ್ಲಿ ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಅಂತ ಪಾಠ ಇಟ್ಟಿದೆ. ಹೊರ ರಾಜ್ಯದಿಂದ ಬಂದ ಹುಡುಗನಿಗೆ ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡೋಷ್ಟು ಕನ್ನಡ ಬೇಕು ಅಂತ ವಿಶ್ವವಿದ್ಯಾಲಯಕ್ಕೆ ಅನ್ನಿಸಿದ ಮೇಲೆ, ರಾಯಚೂರಿನ ತಾಯಿಗೆ ಮಗಳ ಬಗ್ಗೆ ಕಾಲೇಜು ಬರೆಯೋ ಕಾಗದ ಕನ್ನಡದಲ್ಲಿರಬೇಕು ಅಂತ ಕಾಲೇಜುಗಳಿಗೆ ಯಾಕೆ ಅನ್ನಿಸೋದಿಲ್ಲ? ಫೀಸ್ ನೋಟಿಸು, ಹಾಸ್ಟೆಲ್ ನಿಯಮ, ಅಟೆಂಡೆನ್ಸ್ ಪತ್ರ ಎಲ್ಲಾ ಇಂಗ್ಲಿಷು. ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮದಲ್ಲಿ ಒಂದು ಒಳ್ಳೆ ಮಾತಿದೆ. ಮೊದಲ ವರ್ಷ ಮುಗಿಸಿದ ವಿದ್ಯಾರ್ಥಿಗಳ ಪೋಷಕರಿಗೆ ಸಂಸ್ಥೆಯ ಮುಖ್ಯಸ್ಥರು ಪತ್ರ ಬರೆದು, ನಿಮ್ಮ ಮಕ್ಕಳು ಮುಂದಿನ ವರ್ಷ ಕಾಲೇಜಿಗೆ ಮರಳಿದಾಗ ಜೂನಿಯರುಗಳಿಗೆ ತೊಂದರೆ ಕೊಡದ ಹಾಗೆ ಬುದ್ಧಿ ಹೇಳಿ ಅಂತ ಕೇಳಿಕೊಳ್ಳಬೇಕು. ಎಂಥ ಚೆಂದದ ಕಲ್ಪನೆ! ಮನೆಯವರನ್ನ ಅಪರಾಧಿಯ ಅಪ್ಪ ಅಮ್ಮನ ಹಾಗೆ ನೋಡದೆ, ಸಹಾಯ ಕೇಳುವ ಪತ್ರ. ಆದರೆ ಅದು ಓದೋಕೆ ಬಾರದ ಭಾಷೆಯಲ್ಲಿ ಹೋದರೆ ಬುದ್ಧಿ ಹೇಳೋದು ಹೇಗೆ?

ಕನ್ನಡ ಅಂದ ಕೂಡಲೇ 'ನಿರಂತರ ಆಂತರಿಕ ಮೌಲ್ಯಮಾಪನ' ಅಂತ ಬರೆಯೋಕೆ ಹೊರಟರೂ ಕಷ್ಟವೇ. ಅದು ಇಂಗ್ಲಿಷಿಗಿಂತ ದೂರ. "ಕಾಲೇಜಿನಲ್ಲೇ ಕೊಡೋ 50 ಮಾರ್ಕ್ಸಿದೆ, ಅದರಲ್ಲಿ ಇವನಿಗೆ 14 ಬಂದಿದೆ, 20 ಆಗಬೇಕು, ಇನ್ನೊಂದು ಟೆಸ್ಟ್ ಬಾಕಿ ಇದೆ" ಅಂದರೆ ಸಾಕು. ಓದು ಬರಹ ಬಾರದ ಅಜ್ಜಿಗೂ ತಿಳಿಯುತ್ತೆ. ಇಂಥ ಹೊತ್ತಿನಲ್ಲಿ ಮೇಷ್ಟ್ರಿಗೆ ಕನ್ನಡ ಬಾರದಿದ್ದರೆ ವಿದ್ಯಾರ್ಥಿಯನ್ನೇ ನಡುವೆ ನಿಲ್ಲಿಸಿ ಅನುವಾದ ಮಾಡಿಸುವ ಪದ್ಧತಿ ಒಂದಿದೆ. ಸರ್ ಇಂಗ್ಲಿಷಿನಲ್ಲಿ ಐದು ನಿಮಿಷ ಬೈತಾರೆ, ಹುಡುಗ ತಿರುಗಿ "ಇನ್ನೂ ಸ್ವಲ್ಪ ಚೆನ್ನಾಗಿ ಓದಬೇಕಂತೆ" ಅಂತಾನೆ. ಅಪ್ಪ "ಹೂಂ ಸರ್" ಅಂತಾರೆ. ಮೂವರಿಗೂ ಸಮಾಧಾನ. ಇದು ಜೋಕು ಅಂತ ಹಾಸ್ಟೆಲಿನಲ್ಲಿ ಹೇಳಿಕೊಂಡು ನಗಬಹುದು, ಆದರೆ ನೂರಾರು ಕಿಲೋಮೀಟರ್ ಬಸ್ಸಿನಲ್ಲಿ ಬಂದ ಮನುಷ್ಯ ಏನೂ ತಿಳಿಯದೆ ವಾಪಸ್ ಹೋದ ಅನ್ನೋದೂ ನಿಜ. ಕನ್ನಡ ಬಲ್ಲ ಇನ್ನೊಬ್ಬ ಮೇಷ್ಟ್ರನ್ನ, ಲ್ಯಾಬಿನ ಸಿಬ್ಬಂದಿಯನ್ನ ಪಕ್ಕದಲ್ಲಿ ಕೂರಿಸಿಕೊಳ್ಳೋದು ಅಷ್ಟು ದೊಡ್ಡ ಕೆಲಸವಲ್ಲ.

ಈಗ ಮುಖ್ಯ ಮಾತು. ನಮ್ಮ ಮನೆಗಳಲ್ಲಿ 'ಕಾಲೇಜಿಂದ ಫೋನ್' ಅಂದರೆ ಎದೆ ಧಸಕ್ಕನ್ನುತ್ತದೆ. ಯಾಕಂದ್ರೆ ಒಳ್ಳೇದು ಹೇಳೋಕೆ ಯಾರೂ ಫೋನ್ ಮಾಡಿದ್ದೇ ಇಲ್ಲ. ಮೇಷ್ಟ್ರು ಹೆಸರು ಹೇಳಿದ ತಕ್ಷಣ ಬೆಳಗಾವಿ ಕಡೆಯ ಅಪ್ಪ "ಏನ್ ಆತ್ರೀ ಸರ? ಹುಡುಗ ಏನ್ ಮಾಡ್ಯಾನ್ರೀ?" ಅಂತಲೇ ಶುರು ಮಾಡುತ್ತಾರೆ. ಮುಂದಿನ ಮಾತು "ಬೇಕಾದ್ರ ಎರಡು ಬಾರಿಸ್ರಿ ಸರ, ನಾ ಏನೂ ಅನ್ನಂಗಿಲ್ಲ." ಇಪ್ಪತ್ತು ವರ್ಷದ ಮಗನ ಬಗ್ಗೆ! ಇದರಲ್ಲಿ ಮೇಷ್ಟ್ರ ಮೇಲಿನ ಗೌರವ ಇದೆ, ಹೆದರಿಕೆಯೂ ಇದೆ. ಮಾತುಕತೆ ಮಾತ್ರ ಇಲ್ಲ.

ನಮಗೆ ಪಾಠ ಹೇಳುವ ಒಬ್ಬ ಮೇಡಂ ಇದಕ್ಕೆ ಒಂದು ಉಪಾಯ ಇಟ್ಟುಕೊಂಡಿದ್ದಾರೆ. ಪ್ರತಿ ವರ್ಷ ಹೊಸ ಬ್ಯಾಚ್ ಬಂದು ಮೂರನೇ ವಾರದ ಹೊತ್ತಿಗೆ ತಮ್ಮ ಪಾಲಿನ 20 ಮನೆಗೂ ಒಂದೊಂದು ಫೋನ್. "ನಮಸ್ಕಾರ, ನಾನು ನಿಮ್ಮ ಮಗಳ ಕ್ಲಾಸಿನ ಟೀಚರ್. ಏನೂ ಆಗಿಲ್ಲ, ಗಾಬರಿಯಾಗಬೇಡಿ. ಪರಿಚಯ ಮಾಡಿಕೊಳ್ಳೋಣ ಅಂತ ಮಾಡಿದೆ" ಅಂತ ಶುರು ಮಾಡಿ ಎರಡೇ ಪ್ರಶ್ನೆ ಕೇಳ್ತಾರಂತೆ. ಇವಳು ಮನೆಯಲ್ಲಿ ಹೇಗೆ, ಇವಳು ಏನಾಗಬೇಕು ಅಂತ ನಿಮಗೆ ಆಸೆ. ಮಾರ್ಕ್ಸಿನ ಮಾತೇ ಇಲ್ಲ. ಆ ಐದು ನಿಮಿಷದಲ್ಲಿ ಅವರಿಗೆ ಸಿಗೋ ಮಾಹಿತಿ ಯಾವ ಫಾರ್ಮಿನಲ್ಲೂ ಸಿಗೋದಿಲ್ಲ. ಯಾರ ಮನೆಯಲ್ಲಿ ಕಾಯಿಲೆ ಇದೆ, ಯಾರು ಹತ್ತನೇ ಕ್ಲಾಸ್ ತನಕ ಕನ್ನಡ ಮಾಧ್ಯಮ, ಯಾರಿಗೆ ಮೆಕ್ಯಾನಿಕಲ್ ಇಷ್ಟವಿತ್ತು, ಮಾವನ ಮಾತಿಗೆ ಕಂಪ್ಯೂಟರ್ ಸೈನ್ಸ್ ತಗೊಂಡರು, ಎಲ್ಲಾ. ಆಮೇಲೆ ಎಂಟನೇ ವಾರದಲ್ಲಿ ಹಾಜರಿ ಕಡಿಮೆ ಅಂತ ಫೋನ್ ಮಾಡಿದಾಗ ಆ ಕಡೆ ಇರೋದು ಅಪರಿಚಿತರಲ್ಲ.

ಅಮೆರಿಕದ ಸ್ಯಾಕ್ರಮೆಂಟೊದಲ್ಲಿ 1998ರಲ್ಲಿ ಶುರುವಾದ ಶಿಕ್ಷಕರ ಮನೆ ಭೇಟಿಯ ಕಾರ್ಯಕ್ರಮವೊಂದು ಇದೇ ದಾರಿಯದು. ಅಲ್ಲಿನ ನಿಯಮಗಳು ಕೇಳೋಕೆ ಸರಳ: ಭೇಟಿ ಇಬ್ಬರಿಗೂ ಒಪ್ಪಿಗೆಯಿದ್ದರೆ ಮಾತ್ರ, ಮೊದಲೇ ಹೇಳಿ ಹೋಗಬೇಕು, ಇಬ್ಬರು ಶಿಕ್ಷಕರು ಜೊತೆಗೆ ಹೋಗಬೇಕು, ಮೊದಲ ಸಲ ಮಗುವಿನ ಬಗ್ಗೆ ಮನೆಯವರ ಕನಸೇನು ಅಂತ ಕೇಳಬೇಕು. ದಡ್ಡ, ತುಂಟ ಅಂತ ಹೆಸರಾದವರ ಮನೆಗಷ್ಟೇ ಹೋಗೋ ಹಾಗಿಲ್ಲ. ಶಿಕ್ಷಕರ ಆ ಹೊತ್ತಿಗೆ ಸಂಬಳವೂ ಇದೆ. ಬೀದರಿನ ಮನೆಗೆ ಬೆಂಗಳೂರಿನ ಮೇಷ್ಟ್ರು ಹೋಗೋಕಾಗಲ್ಲ ನಿಜ, ಫೋನಂತೂ ಹೋಗುತ್ತಲ್ಲ.

ನಗುತ್ತಿದ್ದ ಗೆಳೆಯರ ಮಾತಿಗೆ ಈಗ ಬರೋಣ. ನಾವು ಹದಿನೆಂಟು ದಾಟಿದವರು, ಓಟು ಹಾಕುವವರು. ನಮ್ಮ ಬಗ್ಗೆ ನಮ್ಮ ಬೆನ್ನ ಹಿಂದೆ ಮನೆಗೆ ಯಾಕೆ ಹೇಳಬೇಕು? ಅಮೆರಿಕದಲ್ಲಿ 1974ರ ಒಂದು ಕಾನೂನಿನಂತೆ ಕಾಲೇಜು ಸೇರಿದ ಮೇಲೆ ವಿದ್ಯಾರ್ಥಿಯ ದಾಖಲೆಯ ಹಕ್ಕು ವಿದ್ಯಾರ್ಥಿಯದೇ, ಕೆಲವು ವಿನಾಯಿತಿ ಬಿಟ್ಟರೆ ಅವರ ಒಪ್ಪಿಗೆ ಇಲ್ಲದೆ ಹೆತ್ತವರಿಗೂ ಮಾರ್ಕ್ಸ್ ತೋರಿಸುವಂತಿಲ್ಲ. ನಮ್ಮಲ್ಲಿ ಯುಎಸ್‌ಎನ್ ಗೊತ್ತಿದ್ದರೆ ಸಾಕು, ವಿಟಿಯು ರಿಸಲ್ಟನ್ನ ಚಿಕ್ಕಮ್ಮನ ಪಕ್ಕದ ಮನೆಯವರೂ ನೋಡಬಹುದು. ಅಮೆರಿಕದ್ದನ್ನ ಹಾಗೇ ತಂದು ಇಲ್ಲಿ ಕೂರಿಸಬೇಕು ಅಂತ ನಾವು ಹೇಳೋದಿಲ್ಲ. ಇಲ್ಲಿ ಫೀಸು ಕಟ್ಟೋದು ಹೆಚ್ಚಿನ ಪಾಲು ಮನೆಯವರೇ, ಅದೂ ಜಮೀನು ಅಡ ಇಟ್ಟೋ, ಬಂಗಾರ ಬ್ಯಾಂಕಿನಲ್ಲಿಟ್ಟೋ. ಅವರನ್ನ ಪೂರ್ತಿ ಹೊರಗಿಡೋದು ನ್ಯಾಯವಲ್ಲ. ಆದರೆ ಒಂದು ಕ್ರಮ ಬೇಕು. ಮನೆಗೆ ಫೋನ್ ಮಾಡೋ ಮೊದಲು ನಮಗೆ ಹೇಳಿ. "ಈ ಶುಕ್ರವಾರ ನಿಮ್ಮ ತಂದೆಗೆ ಫೋನ್ ಮಾಡ್ತೀನಿ, ಇದನ್ನ ಹೇಳ್ತೀನಿ, ನೀನೇ ಮೊದಲು ಹೇಳ್ತೀಯಾ?" ಅಂತ ಕೇಳಿ. ಸಾಧ್ಯವಿದ್ದರೆ ನಮ್ಮೆದುರೇ ಮಾತಾಡಿ.

ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಹುಡುಗರ ಮನೆಗೆ ದೂರು ಹೋದರೆ ಬೈಗುಳ, ಹೆಚ್ಚಂದ್ರೆ ಬೈಕಿನ ಕೀ ಕಿತ್ತುಕೊಳ್ತಾರೆ. ಹುಡುಗಿಯರ ಮನೆಗೆ ಹೋದರೆ ಲೆಕ್ಕವೇ ಬೇರೆ. "ನಿಮ್ಮ ಮಗಳು ಎರಡು ದಿನದಿಂದ ಕ್ಲಾಸಿಗೆ ಬಂದಿಲ್ಲ" ಅನ್ನೋ ಒಂದು ವಾಕ್ಯ ಕೆಲವು ಮನೆಗಳಲ್ಲಿ ಹಾಜರಿಯ ಮಾತಾಗಿ ಉಳಿಯೋದಿಲ್ಲ. ಎಲ್ಲಿಗೆ ಹೋಗಿದ್ಲು, ಯಾರ ಜೊತೆ ಅಂತ ಶುರುವಾಗಿ, ಹಾಸ್ಟೆಲ್ ಬಿಡಿಸೋದು, ಗಂಡು ನೋಡೋದು ತನಕ ಹೋಗುತ್ತದೆ. ಅವಳು ಜ್ವರ ಬಂದು ರೂಮಿನಲ್ಲಿ ಮಲಗಿದ್ದಳು, ಮನೆಯವರು ಗಾಬರಿಯಾಗ್ತಾರೆ ಅಂತ ಹೇಳಿರಲಿಲ್ಲ ಅನ್ನೋದು ಆಮೇಲೆ ತಿಳಿದರೂ ಮನೆಯಲ್ಲಿ ಹುಟ್ಟಿದ ಅನುಮಾನ ಹೋಗೋದಿಲ್ಲ. ಫೋನ್ ಮಾಡೋ ಮೇಷ್ಟ್ರಿಗೆ ಅದು ಪಟ್ಟಿಯಲ್ಲಿ ಒಂದು ಟಿಕ್ ಮಾರ್ಕು. ಇಲ್ಲಿ ಪಣಕ್ಕಿರೋದು ಒಬ್ಬಳ ಡಿಗ್ರಿ. ಹಾಗಾಗಿ ಹುಡುಗಿಯರ ವಿಷಯದಲ್ಲಂತೂ ಮೊದಲು ಅವಳನ್ನ ಕೇಳದೆ ಮನೆಗೆ ಕರೆ ಹೋಗಲೇಬಾರದು ಅನ್ನೋದು ನಮ್ಮ ಖಡಾಖಂಡಿತ ಅಭಿಪ್ರಾಯ. ಜೀವಕ್ಕೆ ಅಪಾಯ ಇರುವಂಥ ಸಂದರ್ಭ ಮಾತ್ರ ಬೇರೆ. ಅಲ್ಲಿ ಹುಡುಗ ಹುಡುಗಿ ಅನ್ನದೆ, ತಡ ಮಾಡದೆ ಮನೆಯವರಿಗೆ ಹೇಳಬೇಕು.

ಹಾಗೇ, ಯಾರಿಗೆ ಫೋನ್ ಮಾಡಬೇಕು ಅನ್ನೋದು. ಅಡ್ಮಿಷನ್ ಫಾರ್ಮಿನಲ್ಲಿ ಅಪ್ಪನ ನಂಬರಿಗೆ ಚುಕ್ಕಿ ಹಾಕಿ ಕಡ್ಡಾಯ ಅಂತಾರೆ, ಅಮ್ಮನ ನಂಬರ್ ಇದ್ದರೂ ಸರಿ ಇಲ್ಲದಿದ್ದರೂ ಸರಿ. ನಮ್ಮ ಊಟ, ನಿದ್ದೆ, ಬೇಜಾರು ದಿನಾ ರಾತ್ರಿ ಫೋನಿನಲ್ಲಿ ಕೇಳೋರು ಅಮ್ಮ. ಅವರನ್ನ ಕೇಳಿದರೆ ಸಿಗೋ ಉತ್ತರವೇ ಬೇರೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಮೀಟಿಂಗಿಗೆ ಅಪ್ಪ ಬಂದರೆ ಬಸ್ ಚಾರ್ಜೂ ಕೂಲಿಯೂ ಎರಡೂ ಹೋಗುತ್ತೆ, ಅಮ್ಮ ಬಂದರೆ ಚಾರ್ಜಾದರೂ ಉಳಿಯುತ್ತೆ. "ತಂದೆಯವರನ್ನೇ ಕರ್ಕೊಂಡ್ ಬಾ" ಅನ್ನೋ ಹಟ ಯಾಕೋ ನಮಗೆ ತಿಳಿಯದು.

ಮೀಟಿಂಗಿನ ದಿನಾಂಕವನ್ನ ಕ್ಯಾಲೆಂಡರ್ ನೋಡಿ ಇಡ್ತಾರೆ, ಮಳೆ ಬೆಳೆ ನೋಡಿ ಇಡೋದಿಲ್ಲ. ಕಲಬುರಗಿಯಲ್ಲಿ ತೊಗರಿ ಕೊಯ್ಯೋದು ಡಿಸೆಂಬರ್ ಜನವರಿಗೆ. ಕೊಡಗು ಚಿಕ್ಕಮಗಳೂರಿನಲ್ಲಿ ಆಗ ಕಾಫಿ ಹಣ್ಣು ಕೀಳೋ ಕಾಲ. ಕರಾವಳಿಯಲ್ಲಿ ಜೂನ್ ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯೋ ಹಾಗಿಲ್ಲ, ಮೀನುಗಾರರ ಮನೆಯಲ್ಲಿ ಪುರುಸೊತ್ತು ಇರುತ್ತೆ, ದುಡ್ಡಿರಲ್ಲ. ಫೀಸಿನ ಕೊನೇ ದಿನ ಮಾತ್ರ ಎಲ್ಲರಿಗೂ ಒಂದೇ. ತೊಗರಿ ಇನ್ನೂ ಹೊಲದಲ್ಲಿದ್ದಾಗ ಫೀಸ್ ಕೇಳಿ, ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ ಅಂದರೆ ಆ ಮನೆಯವರು ಸಾಲಕ್ಕೆ ಓಡ್ತಾರೆ. ಎರಡು ತಿಂಗಳು ಬಿಟ್ಟು ಕಟ್ಟುತ್ತೀವಿ ಅಂತ ಕೇಳಬಹುದು ಅನ್ನೋದೂ ಅವರಿಗೆ ಗೊತ್ತಿರೋದಿಲ್ಲ, ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ ಕಾಲೇಜಿನಲ್ಲೇ ವೆರಿಫೈ ಆಗದೆ ಕೂತಿದೆ ಅನ್ನೋದೂ ಗೊತ್ತಿರೋದಿಲ್ಲ. ಒಬ್ಬ ಪ್ರಾಕ್ಟರ್ ಹೇಳಿದರೆ ಸಾಕು. ಮನೆಯವರಿಗೆ ಕಾಲೇಜಿನ ಮೇಲೆ ನಂಬಿಕೆ ಬರೋದು ಇಂಥ ಸಣ್ಣ ಸಹಾಯದಿಂದಲೇ ಹೊರತು ಆಡಿಟೋರಿಯಮ್ಮಿನ ಸ್ಲೈಡ್ ಶೋದಿಂದಲ್ಲ.

ಡಿಪ್ಲೊಮಾ ಮುಗಿಸಿ ಬಂದವರದು ಇನ್ನೊಂದು ಗೋಳು. ಅವರು ಸೇರೋದೇ ಮೂರನೇ ಸೆಮಿಸ್ಟರಿಗೆ. ಮೊದಲ ವರ್ಷದ ಇಂಡಕ್ಷನ್ನು, ಪೋಷಕರ ಸಭೆ, ಪರಿಚಯ ಎಲ್ಲಾ ಮುಗಿದಿರುತ್ತದೆ. ಅವರ ಮನೆಯವರನ್ನ ಕಾಲೇಜು ಮೊದಲ ಸಲ ನೋಡೋದು ಬಹುಶಃ ಗ್ರಾಜುಯೇಷನ್ ಡೇ ದಿನ.

ಮೇಷ್ಟ್ರುಗಳ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯ. ಅವರ ಮೇಲಿರೋ ಕೆಲಸ ನಾವು ದಿನಾ ನೋಡ್ತಿದ್ದೀವಿ. ಪಾಠ, ಲ್ಯಾಬು, ವ್ಯಾಲ್ಯುವೇಷನ್ನು, ನ್ಯಾಕ್ ಫೈಲು, ಅವರದೇ ಪಿಎಚ್‌ಡಿ. ಪ್ರಾಕ್ಟರ್ ಕೆಲಸಕ್ಕೆ ಟೈಮ್‌ಟೇಬಲ್ಲಿನಲ್ಲಿ ಒಂದು ಗಂಟೆ ಕೊಟ್ಟರೆ ಅದನ್ನೂ ಸಿಲಬಸ್ ಮುಗಿಸೋಕೆ ಬಳಸಬೇಕಾದ ಗತಿ. ಇಪ್ಪತ್ತು ಮನೆಗೆ ಹತ್ತು ಹತ್ತು ನಿಮಿಷ ಅಂದ್ರೂ ಮೂರೂವರೆ ಗಂಟೆ ಹತ್ತಿರ ಆಯ್ತು. ಅದನ್ನ ಅವರು ಸ್ವಂತ ಫೋನಿನಿಂದ, ಮನೆಗೆ ಹೋದ ಮೇಲೆ, ಸ್ವಂತ ಮಕ್ಕಳಿಗೆ ಹೋಂವರ್ಕ್ ಮಾಡಿಸ್ತಾ ಮಾಡಬೇಕು ಅಂತ ಕೇಳೋದು ತಪ್ಪು. ಮೊದಲ ಸೆಮಿಸ್ಟರಿನ ಮೂರನೇ ವಾರ ಒಂದು ಮಧ್ಯಾಹ್ನ ಕ್ಲಾಸು ನಿಲ್ಲಿಸಿ, ಡಿಪಾರ್ಟ್‌ಮೆಂಟ್ ಫೋನ್ ಕೊಟ್ಟು, ಇದೇ ಇವತ್ತಿನ ಕೆಲಸ ಅಂತ ಮ್ಯಾನೇಜ್‌ಮೆಂಟ್ ಹೇಳಬೇಕು. ಟೆಕ್ ಫೆಸ್ಟಿಗೆ ಮೂರು ದಿನ ಕ್ಲಾಸ್ ನಿಲ್ಲುತ್ತೆ, ಇದಕ್ಕೆ ಅರ್ಧ ದಿನ ನಿಲ್ಲಬಾರದಾ?

ಕೇಳೋದಷ್ಟೇ ಆಗಬಾರದು ಅಂತ ನಮ್ಮ ಸಂಘದಿಂದಲೂ ಒಂದು ಕೆಲಸ ಶುರು ಮಾಡಿದ್ದೇವೆ. ಮನೆಯವರಿಗಾಗಿ ಒಂದು ಹಾಳೆ, ಎರಡೂ ಬದಿ. ಹಾಜರಿ ಲೆಕ್ಕ, ಇಂಟರ್ನಲ್ಸ್, ಬ್ಯಾಕ್‌ಲಾಗ್, ಇಯರ್ ಬ್ಯಾಕ್, ಸ್ಕಾಲರ್‌ಶಿಪ್, ಯಾರನ್ನ ಕೇಳಬೇಕು, ಯಾವಾಗ ಕೇಳಬೇಕು ಎಲ್ಲವೂ ಆಡುಮಾತಿನಲ್ಲಿ. ಓದೋಕೆ ಬಾರದವರಿಗೆ ಅದನ್ನೇ ವಾಟ್ಸಾಪ್ ವಾಯ್ಸ್ ಮೆಸೇಜ್ ಮಾಡಿ ಮಂಗಳೂರು, ಮೈಸೂರು, ಧಾರವಾಡ, ಕಲಬುರಗಿ ನಾಲ್ಕೂ ಕಡೆಯ ಮಾತಿನಲ್ಲಿ ರೆಕಾರ್ಡ್ ಮಾಡೋ ಯೋಚನೆ ಇದೆ. ದನಿ ಕೊಡೋರು ಬೇಕು. ಕರಡು ನೋಟಿಸ್ ಬೋರ್ಡಿನ ಪಕ್ಕ ಅಂಟಿಸಿದ್ದೇವೆ, ಪೆನ್ನೂ ಕಟ್ಟಿದ್ದೇವೆ. ನಿಮ್ಮ ಅಮ್ಮನಿಗೆ ಅರ್ಥವಾಗದ ಪದ ಯಾವುದಿದ್ದರೂ ಗೆರೆ ಎಳೆದು ಹೋಗಿ. 'ಬ್ಯಾಕ್‌ಲಾಗ್' ಅನ್ನೋದನ್ನ 'ಬಾಕಿ ಉಳಿದ ವಿಷಯ' ಅನ್ನೋಣವಾ, ನಮ್ಮೂರ ಕಡೆ ಹೇಳೋ ಹಾಗೆ 'ಹೊಡಕೊಂಡಿದ್ದು' ಅನ್ನೋಣವಾ ಅನ್ನೋದರಲ್ಲೇ ಎರಡು ಮೀಟಿಂಗು ಕಳೆದಿವೆ. ಮೂರನೇದು ಬುಧವಾರ ಸಂಜೆ ಕ್ಯಾಂಟೀನಿನ ಹಿಂದಿನ ಕಟ್ಟೆ ಮೇಲೆ, ಬನ್ನಿ.